ವೈ ಇದ್ದ ಜಾಗದಲ್ಲಿ ಝಡ್

ಪಾಸ್‌ವರ್ಡ್ ಎರಡು ಸಲ ತಪ್ಪಾಗಿತ್ತು. ಮೂರನೆಯದೂ ತಪ್ಪಾದರೆ ಖಾತೆಗೆ ಬೀಗ ಬೀಳುತ್ತದೆ ಎಂದು ಬ್ಯಾಂಕಿನ ಪುಟ ಕೆಂಪು ಅಕ್ಷರಗಳಲ್ಲಿ ಎಚ್ಚರಿಸಿತು. ಶುಕ್ರವಾರ ಮಧ್ಯಾಹ್ನ ಮೂರೂಕಾಲು. ಜರ್ಮನ್ ಪರೀಕ್ಷೆಯ ಶುಲ್ಕ ಐದು ಗಂಟೆಯೊಳಗೆ ಹೋಗಬೇಕಿತ್ತು. ಹೋಗದಿದ್ದರೆ ಮುಂದಿನ ಪರೀಕ್ಷೆ ನಾಲ್ಕು ತಿಂಗಳ ನಂತರ. ಜರ್ಮನಿಯಲ್ಲಿ ಗಾಜಿನ ರಸಾಯನಶಾಸ್ತ್ರದ ಒಂದು ಪ್ರಯೋಗಾಲಯ ನನಗೆ ಕೊಟ್ಟಿದ್ದ ಸಂಶೋಧನೆಯ ಜಾಗ ಅಲ್ಲಿಯವರೆಗೆ ಕಾಯುವುದಿಲ್ಲ.

"ಮರ್ತೋಗಿದೆ ನಿಂಗೆ," ಎಂದ ಗಿರಿಧರ್. ಶುಕ್ರವಾರ ನನ್ನ ಗಂಡನಿಗೆ ಮನೆಯಿಂದಲೇ ಕೆಲಸ. ಜಪಾನಿನ ಗ್ಯೋಟೋಕುವಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂದೇ ಮೇಜಿನ ಆಚೆ ಬದಿಗೆ ಅವನು, ಈಚೆ ಬದಿಗೆ ನಾನು.

"ಮರ್ತಿಲ್ಲ."

"ಹಾಗಾದ್ರೆ ನಂಗ್ ಹೇಳು, ನಾನ್ ಟೈಪ್ ಮಾಡ್ತೀನಿ."

"ಹೇಳಲ್ಲ."

"ಜಲಜಾ, ನಾನು ನಿನ್ ಗಂಡ ಕಣೆ, ಹ್ಯಾಕರ್ ಅಲ್ಲ."

"ಪಾಸ್‌ವರ್ಡ್ ಯಾರಿಗೂ ಹೇಳ್ಬೇಡಿ ಅಂತ ಬ್ಯಾಂಕಿನವರು ಬರೆದಿದಾರೆ. ಕೆಳಗೆ 'ಗಂಡನ್ನ ಬಿಟ್ಟು' ಅಂತ ಬರೆದಿಲ್ಲ."

ಅವನು ನಕ್ಕ. ನಾನು ಒಂದೊಂದೇ ಕೀಲಿಯನ್ನು ನೋಡಿಕೊಂಡು, ಅಳತೆಪಟ್ಟಿಯ ಗೆರೆ ಓದುವ ಹಾಗೆ ಓದಿಕೊಂಡು ಒತ್ತಿದೆ. ಪರದೆಯ ಮೇಲೆ ಹನ್ನೊಂದು ಕಪ್ಪು ಚುಕ್ಕೆಗಳು ಬಂದವು. ಲೆಕ್ಕ ಸರಿಯಾಗಿತ್ತು. ಆದರೂ ಬೀಗ ಬಿತ್ತು.

"ಹೋಗ್ಲಿ ಬಿಡು," ಎಂದು ಗಿರಿ ತನ್ನ ಫೋನ್ ತೆಗೆದ. "ನನ್ ಅಕೌಂಟಿಂದ ಕಳಿಸ್ತೀನಿ. ಕಳಿಸೋರ ಹೆಸರಲ್ಲಿ ನಿನ್ ಹೆಸ್ರು ಹಾಕಿದ್ರಾಯ್ತು. ಯಾರಿಗೂ ಗೊತ್ತಾಗಲ್ಲ."

"ನಂಗ್ ಗೊತ್ತಾಗತ್ತಲ್ಲ."

ಈ ಊರಿಗೆ ಬಂದು ಎಂಟು ತಿಂಗಳು. ಮನೆಯ ಕರಾರು, ಫೋನಿನ ಕರಾರು, ವಿಮೆ, ಎಲ್ಲದರಲ್ಲೂ ನಾನು ಗಿರಿಧರನ ಹೆಸರಿನ ಕೆಳಗಿನ ಸಾಲು. ಅಕ್ಕಪಕ್ಕದ ಭಾರತೀಯ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಸಂಪಾದಿಸಿದ್ದು ಬೀಳುವ ಈ ಖಾತೆ ಮಾತ್ರ ನನ್ನದು. ಅದನ್ನು ತೆರೆದ ದಿನವೂ ಕೌಂಟರಿನಲ್ಲಿ ಮಾತಾಡಿದವನು ಅವನೇ. ಆಚೆ ಕೂತಿದ್ದ ಹುಡುಗಿ ಮತ್ತೆ ಮತ್ತೆ ನನ್ನತ್ತ ಕೈ ತೋರಿಸಿ 'ಹೊನ್ನಿನ್, ಹೊನ್ನಿನ್' ಎನ್ನುತ್ತಿದ್ದಳು. ಹೊನ್ನಿನ ಏನು ಎಂದು ನಾನು ಕಿವಿಯೋಲೆ ಮುಟ್ಟಿ ನೋಡಿಕೊಂಡಿದ್ದೆ. ವಾಪಸು ಬರುವಾಗ ಗಿರಿ ರೈಲಿನಲ್ಲಿ ದಾರಿಯುದ್ದಕ್ಕೂ ನಕ್ಕಿದ್ದ. ಹೊನ್ನಿನ್ ಎಂದರೆ ಸಂಬಂಧಪಟ್ಟ ವ್ಯಕ್ತಿ ಸ್ವತಃ.

ಬೀಗ ತೆಗೆಸಲು ಫೋನ್ ಮಾಡಬೇಕು, ಹೊನ್ನಿನ್ ಮಾಡಬೇಕು ಎಂದು ಪುಟದಲ್ಲಿತ್ತು. ಮಾಡಿದೆ. ಹಯಾಶಿ ಎಂಬ ಹೆಂಗಸು ಎತ್ತಿಕೊಂಡರು. ನನ್ನ ಹೆಸರು ಅವರ ಬಾಯಲ್ಲಿ 'ಜರಾಜಾ' ಆಯಿತು. ಹುಟ್ಟಿದ ದಿನ ಕೇಳಿದರು. ಮೊದಲ ಪದಕ್ಕೇ ನಾನು ತಡವರಿಸಿದೆ. ಎದುರಿನಿಂದ ಗಿರಿ ಜಪಾನಿಯಲ್ಲಿ ಹೇಳಿಕೊಟ್ಟ. ಹಯಾಶಿ ಬಹಳ ಮೃದುವಾಗಿ, ನಿಧಾನವಾಗಿ ಕ್ಷಮೆ ಕೇಳಿದರು. ಪಕ್ಕದಲ್ಲಿ ಬೇರೆಯವರು ಹೇಳಿಕೊಡುತ್ತಿದ್ದರೆ ಮುಂದುವರಿಸುವಂತಿಲ್ಲವಂತೆ.

"ನೋಡು, ಹೆಲ್ಪ್ ಮಾಡಕ್ ಹೋದ್ರೆ!" ಎಂದ ಗಿರಿ.

"ಅವ್ರು ಸರಿಯಾಗೇ ಇದಾರೆ."

"ಈಗ ನಾಲ್ಕಾಯ್ತು. ಹಠಕ್ಕೂ ಒಂದ್ ಟೈಮ್ ಇರತ್ತೆ. ಅಲ್ಲ, ಜಪಾನಿಗೆ ಬಂದು ಜರ್ಮನ್ ಕಲಿಯೋಳು ನೀನೊಬ್ಳೇ ನೋಡು. ಮೊದ್ಲು ಇಲ್ಲಿ ಡೇಟ್ ಆಫ್ ಬರ್ತ್ ಹೇಳಕ್ ಕಲಿ."

ಆ ಮಾತು ಚುಚ್ಚಿತು, ನಿಜವಾಗಿದ್ದರಿಂದ. ನನ್ನ ಜರ್ಮನ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹುಟ್ಟಿದ ದಿನ, ವಿಳಾಸ, ಫೋನ್ ಸಂಖ್ಯೆಯನ್ನು ಜಪಾನಿ ಉಚ್ಚಾರದಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡೆ. ನಂತರ ಬಂದ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು: ಸರಿಯಾದ ಪಾಸ್‌ವರ್ಡ್ ಮೂರು ಸಲವೂ ಏಕೆ ತಪ್ಪಾಯಿತು? ಕಾರಣ ತಿಳಿಯದೆ ಬೀಗ ತೆಗೆಸಿದರೆ ಅದು ಮತ್ತೆ ಬೀಳುತ್ತದೆ. ನಿನ್ನೆಗೂ ಇವತ್ತಿಗೂ ಬದಲಾದದ್ದು ಏನು?

ನಿನ್ನೆ ಜರ್ಮನ್ ಹೋಮ್‌ವರ್ಕ್ ಬರೆಯಲು, ತಲೆಯ ಮೇಲೆ ಎರಡು ಚುಕ್ಕೆ ಇರುವ ಅಕ್ಷರಗಳು ಬೇಕೆಂದು ಲ್ಯಾಪ್‌ಟಾಪಿನ ಸೆಟ್ಟಿಂಗ್‌ನಲ್ಲಿ ಜರ್ಮನ್ ಕೀಲಿಮಣೆ ಆರಿಸಿಕೊಂಡಿದ್ದೆ. ಆ ಹೋಮ್‌ವರ್ಕಿನ ಕಡತ ತೆರೆದೆ. ಸಮಯ ಎಂಬುದಕ್ಕೆ ಜರ್ಮನ್ ಪದ 'ಟ್ಸೈಟ್', ಝಡ್‌ನಿಂದ ಶುರು. ಝಡ್ ಕೀಲಿ ಒತ್ತಿದೆ. ಪರದೆಯ ಮೇಲೆ ವೈ ಮೂಡಿತು. ವೈ ಒತ್ತಿದೆ, ಝಡ್ ಬಂತು. ಜರ್ಮನ್ನರ ಕೀಲಿಮಣೆಯಲ್ಲಿ ಆ ಎರಡೂ ಜಾಗ ಬದಲಾಯಿಸಿಕೊಂಡು ಕೂತಿವೆ. ಭಾರತದಿಂದ ತಂದ ನನ್ನ ಲ್ಯಾಪ್‌ಟಾಪಿನ ಕೀಲಿಗಳ ಮೇಲಿನ ಮುದ್ರೆ ಮಾತ್ರ ಹಳೆಯದೇ. ನನ್ನ ಪಾಸ್‌ವರ್ಡ್ ಏನೆಂದು ಇಲ್ಲಿಯೂ ಬರೆಯುವುದಿಲ್ಲ. ಅದರಲ್ಲಿ ಒಂದು ವೈ ಇತ್ತು ಎಂದಷ್ಟೇ ಹೇಳುತ್ತೇನೆ. ಕಪ್ಪು ಚುಕ್ಕೆಗಳ ಕೆಳಗೆ ಮೂರು ಸಲವೂ ಅದು ಝಡ್ ಆಗಿ ಹೋಗಿತ್ತು.

"ಮರ್ತಿರ್ಲಿಲ್ಲ ನಾನು," ಎಂದೆ ಗಟ್ಟಿಯಾಗಿ.

ಫೋನ್, ನೋಟ್‌ಬುಕ್ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲನ್ನು ಹೊರಗಿನಿಂದ ಎಳೆದೆ. ಒಣಗಲು ಹಾಕಿದ್ದ ಗಿರಿಯ ಅಂಗಿಗಳ ನಡುವೆ ನಿಂತು ಮತ್ತೆ ಕರೆ ಮಾಡಿದೆ. ನಾಲ್ಕೂ ಇಪ್ಪತ್ತು. ಅದೃಷ್ಟಕ್ಕೆ ಮತ್ತೆ ಹಯಾಶಿ ಸಾನ್.

"ಗೊಹೊನ್ನಿನ್ ಸಾಮಾ ದೆಶೋ ಕಾ?" ಎಂದರು. ಮಾತಾಡುತ್ತಿರುವವರು ತಾವೇ ಏನು?

ಹಿಂದಿನ ರಾತ್ರಿಯ ಜರ್ಮನ್ ಪಾಠದಲ್ಲಿ ಇದೇ ಇತ್ತು: 'ಸೆಲ್ಬ್‌ಸ್ಟ್', ಸ್ವತಃ. ನಾಲಿಗೆ ಮೊದಲು ಆ ಕಡೆಗೆ ಹೊರಳಿತು. ತಡೆದೆ. ನಮ್ಮಲ್ಲಿ ಇದಕ್ಕೆ ಬೇರೆ ಪದವೇ ಬೇಡ, ಕೊನೆಯಲ್ಲಿ ಒಂದು ಏಕಾರ ಸಾಕು. ಅದೇ ಬಾಯಿಗೆ ಬಂದುಬಿಟ್ಟಿತು.

"ನಾನೇ," ಎಂದೆ. ತಕ್ಷಣ ತಿದ್ದಿಕೊಂಡೆ. "ಸುಮಿಮಾಸೆನ್. ಹಾಯ್, ಹೊನ್ನಿನ್ ದೆಸು." ಕ್ಷಮಿಸಿ, ಹೌದು, ಸ್ವತಃ ನಾನೇ.

ಹುಟ್ಟಿದ ದಿನ ಓದಿದೆ. ವಿಳಾಸ ಓದಿದೆ, ನಮ್ಮ ನಗರದ ಹೆಸರು ಇಚಿಕಾವಾದಲ್ಲಿ ಒಮ್ಮೆ ಎಡವಿ ಮತ್ತೆ ಮೊದಲಿನಿಂದ ಓದಿದೆ. ಹಯಾಶಿ ಸಾನ್ ಅವಸರ ಮಾಡಲಿಲ್ಲ. ಗಾಜಿನಾಚೆ ಗಿರಿ ಕೈಸನ್ನೆಯಲ್ಲಿ ಏನನ್ನೋ ಹೇಳುತ್ತಿದ್ದ. ನಾನು ಅವನಿಗೆ ಬೆನ್ನು ಹಾಕಿ ರೈಲುಹಳಿಯ ಕಡೆ ತಿರುಗಿದೆ. ಪಾಸ್‌ವರ್ಡ್ ನೆನಪಿದೆಯೇ ಎಂದು ಕೇಳಿದರು. ಇದೆ ಎಂದೆ. "ದಯವಿಟ್ಟು ಅದನ್ನು ನನಗೂ ಹೇಳಬೇಡಿ," ಎಂದರು. ಆಗ ಮಾತ್ರ ನನಗೆ ನಗು ಬಂತು.

ಒಳಗೆ ಬಂದಾಗ ಖಾತೆಯ ಬೀಗ ತೆರೆದಿತ್ತು, ಆದರೆ ಒಂದೇ ಪ್ರಯತ್ನಕ್ಕೆ ಅವಕಾಶ.

"ಮೊದ್ಲು ಆ ಜರ್ಮನ್ ಕೀಬೋರ್ಡ್ ತೆಗಿ," ಎಂದ ಗಿರಿ. ಪರದೆಯ ಮೇಲಿದ್ದ ಹೋಮ್‌ವರ್ಕಿನಲ್ಲಿ ವೈ, ಝಡ್ ಅದಲುಬದಲಾದದ್ದು ನೋಡಿ ಅವನಿಗೂ ಅರ್ಥವಾಗಿತ್ತು. "ರಿಸ್ಕ್ ತಗೋಬೇಡ ಮಾರಾಯ್ತಿ. ಒಂದೇ ಚಾನ್ಸ್ ಇರೋದು."

"ಇವತ್ತು ತೆಗೆದ್ರೆ ನಾಳೆ ಅಲ್ಲಿ ಹೋಗಿ ಏನ್ ಮಾಡ್ಲಿ? ಅಲ್ಲಿನ ಲ್ಯಾಬಲ್ಲಿ ಇದೇ ಇರತ್ತೆ."

ಅವನು ತಾನಾಗಿಯೇ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂತ.

ನಾನು ಟೈಪ್ ಮಾಡತೊಡಗಿದೆ. ವೈ ಬರಬೇಕಾದ ಜಾಗಕ್ಕೆ ಬಂದಾಗ ಬೆರಳು ಅಭ್ಯಾಸಬಲದಿಂದ ಮೇಲಿನ ಸಾಲಿಗೆ ಹೋಯಿತು. ಅದನ್ನು ಕೆಳಗಿಳಿಸಿ, ಝಡ್ ಎಂದು ಮುದ್ರೆಯಿದ್ದ ಕೀಲಿಯನ್ನು ಒತ್ತಿದೆ.