ಕೊರಡಿಗೆ ನೀರು

ಬೇಕೆಂದೇ ಹಚ್ಚಿದ ಬೆಂಕಿ ಕೈಮೀರಿ ಹೋದರೆ ಕಾರಣ ಹುಡುಕಲು ನನ್ನನ್ನು ಕಳಿಸುತ್ತಾರೆ. ಬೇಸಿಗೆ ಬಲಿಯುವ ಮೊದಲೇ ಗುಡ್ಡದ ಒಣಹುಲ್ಲನ್ನು ನಾವೇ ಸುಟ್ಟುಬಿಟ್ಟರೆ ಆಮೇಲೆ ಕಾಡ್ಗಿಚ್ಚಿಗೆ ಮೇಯಲು ಏನೂ ಉಳಿಯುವುದಿಲ್ಲ. ಒಂಬತ್ತು ವರ್ಷ ನಾನೂ ಆ ಕೆಲಸ ಮಾಡಿದವಳು. ಹಾಗಾಗಿ ಈ ಜನ ಯಾವಾಗ ಸುಳ್ಳು ಹೇಳುತ್ತಾರೆಂದು ನನಗೆ ಗೊತ್ತು ಎಂಬ ಜಂಬ ನನಗಿತ್ತು.

ಈ ಸಲ ಸುಟ್ಟದ್ದು ಐದು ಮನೆ, ಸತ್ತದ್ದು ಒಬ್ಬಳು ಹೆಂಗಸು. ಕಿಚ್ಚು ಆಚೆ ದಾಟದಂತೆ ಹುಲ್ಲು ಕೆತ್ತಿ ತೆಗೆದ ಬೆಂಕಿ ರೇಖೆ ಕಾಯುತ್ತಿದ್ದ ವಾಚರನ ಸ್ವಂತ ಅಕ್ಕ ಅವಳು. ಸುಡುವ ಕೆಲಸದ ಮುಖ್ಯಸ್ಥನಾದ ರೇಂಜರ್ ಕೊಟ್ಟ ಹೇಳಿಕೆ ಒಂದೇ ಸಾಲಿನದು: ‘ಕೆಳಗಿನ ಕೊರಡಿಗೆ ನೀರು ಹಾಕಿದ್ದಾಗಿ ವಾಚರ್ ವೈರ್‌ಲೆಸ್‌ನಲ್ಲಿ ಸುಳ್ಳು ಹೇಳಿದ್ದಾನೆ.’ ಆ ಸಾಲು ನನಗಿಂತ ಮೊದಲೇ ಊರು ಸುತ್ತಿ ಬಂದಿತ್ತು. ಸತ್ತವಳ ಗಂಡ ಟೈಲರ್. ಹೆಂಡತಿಯ ಮಣ್ಣು ಮುಗಿಸಿ ಬಂದವರೇ ಭಾಮೈದನಿಗೆ, “ನನ್ನ ಹೊಸಿಲು ತುಳಿಬೇಡ, ಮಕ್ಕಳ ಮುಖ ನೋಡ್ಬೇಡ” ಅಂದರಂತೆ. ವಾಚರನಿಗೆ ಮದುವೆಯಾಗಿಲ್ಲ. ಆ ಇಬ್ಬರು ಸೋದರ ಸೊಸೆಯರನ್ನು ಬಿಟ್ಟರೆ ಅವನಿಗೆ ತನ್ನವರು ಅಂತ ಯಾರೂ ಇಲ್ಲ.

ಗುಡ್ಡ ಹತ್ತಿ ಕೊರಡನ್ನು ನೋಡಿದೆ. ರೇಖೆಯಿಂದ ನಾಲ್ಕು ಮಾರು ಒಳಗೆ ಬಿದ್ದ ಹಳೆಯ ಮರ, ಒಳಗೆಲ್ಲ ಪೊಳ್ಳು. ನೀರು ಬಿದ್ದ ಗುರುತೇ ಇಲ್ಲ, ಮೇಲೆ ಸಲಿಕೆಯಲ್ಲಿ ಎಳೆದು ಹಾಕಿದ ಮಣ್ಣು ಮಾತ್ರ. ಮಣ್ಣು ಹಾಕಿದರೆ ಹೊಗೆ ನಿಲ್ಲುತ್ತದೆ, ಕೆಂಡ ಸಾಯುವುದಿಲ್ಲ. ಮರುದಿನ ಮಧ್ಯಾಹ್ನ ಗಾಳಿ ಎದ್ದಾಗ ಪೊಳ್ಳಿನಿಂದ ಕಿಡಿ ಹಾರಿ ರೇಖೆಯ ಆಚೆ ಬಿದ್ದಿದೆ. ಅಲ್ಲಿಂದ ಮನೆಗಳತನಕ ನೆಲ ಕಪ್ಪಾಗಿತ್ತು.

ರೇಂಜರ್ ತನ್ನ ಕಚೇರಿಯಲ್ಲಿ ನನಗೆ ಕುರ್ಚಿ ಒರೆಸಿಕೊಟ್ಟ.

“ನೀರು ಬಿತ್ತಾ ಇಲ್ವಾ ಅಂತ ನೀವು ಇಳಿದು ನೋಡಿದ್ರಾ?”

“ನಾನು ಮೇಲಿದ್ದೆ. ಅವನೇ ಆಯ್ತು ಅಂದ್ನಲ್ಲ ಮೇಡಂ. ಅದಕ್ಕೇ ಟ್ಯಾಂಕರ್ ವಾಪಸ್ ಕಳಿಸ್ದೆ.”

“ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಪೈಕಿನಾ ನೀವು?”

ಅವನು ಗೋಡೆಯ ನಕ್ಷೆ ನೋಡತೊಡಗಿದ. ನನಗೆ ಮೈ ಉರಿಯುತ್ತಿತ್ತು. ಆದರೂ ವಾಚರ್ ಸುಳ್ಳುಗಾರನೆಂದೇ ಆ ಹೊತ್ತಿಗೆ ನಾನೂ ನಂಬಿದ್ದೆ.

ವೈರ್‌ಲೆಸ್ ಮಾತೆಲ್ಲ ಟೇಪಿನಲ್ಲಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗಿನದನ್ನು ಮೂರು ಸಲ ಕೇಳಿದೆ. ಮಧ್ಯಾಹ್ನ ಮೂರರ ಮೇಲೆ ರೇಂಜರನ ದನಿ: “ಕೆಳಗಿನ ಕೊರಡಿಗೆ ನೀರು.” ವಾಚರನ ದನಿ: “ಆಯ್ತು.” ಅಷ್ಟೇ. ಹಾಕಿದೆಯಾ ಎಂದು ರೇಂಜರ್ ಕೇಳಿದ್ದು, ಟ್ಯಾಂಕರ್ ಬರುತ್ತದೆ, ಹಾಕಿಸು ಎಂದು ವಾಚರ್ ತಿಳಿದದ್ದು. ಸರಿ ಎನ್ನುವುದಕ್ಕೂ ಆಯ್ತು, ಮುಗಿಯಿತು ಎನ್ನುವುದಕ್ಕೂ ಆಯ್ತು. ನಾನೇ ದಿನಕ್ಕೆ ನೂರು ಸಲ ಹೇಳುವ ಮಾತು.

ಮೂರನೆಯ ಸಲ ಕೇಳುವಾಗ ಕಾಗದದಲ್ಲಿ ಬರೆದುಕೊಳ್ಳುತ್ತ ಹೋದೆ. ವಾಚರ್ ಒಂದು ಕೆಲಸ ಮಾಡಿ ಮುಗಿಸಿದಾಗಲೆಲ್ಲ “ಮುಗೀತು ಸಾರ್” ಅಂದಿದ್ದ. ಏನಾದರೂ ಮಾಡು ಎಂದಾಗ ಮಾತ್ರ “ಆಯ್ತು.” ಇಡೀ ದಿನದಲ್ಲಿ ಒಂದು ಕಡೆಯೂ ಇದು ತಪ್ಪಿರಲಿಲ್ಲ. ಅವನು ಟ್ಯಾಂಕರಿಗೆ ಕಾಯುತ್ತ ನಿಂತಿದ್ದ, ಟ್ಯಾಂಕರ್ ಇತ್ತ ಮನೆದಾರಿ ಹಿಡಿದಿತ್ತು. ಅವನನ್ನು ಸುಳ್ಳುಗಾರನೆಂದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು, ಅವನ ಮೇಲಿನ ದೋಷ ತೊಳೆಯಲು ದಾರಿ ಸಿಕ್ಕಿತೆಂದು ಖುಷಿಯೂ ಆಯಿತು.

ವರದಿ ಕಳಿಸುವ ಮೊದಲು ಟೈಲರನ್ನೂ ವಾಚರನನ್ನೂ ನನ್ನ ಕೋಣೆಗೆ ಕರೆಸಿದೆ. ಹಾಗೆ ಕರೆಸುವ ನಿಯಮವೇನೂ ಇಲ್ಲ. ಭಾವ, ಭಾಮೈದ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಟೈಲರ ಅಂಗಿಯ ಕಾಲರಿಗೆ ದಾರ ಪೋಣಿಸಿದ ಸೂಜಿ ಚುಚ್ಚಿತ್ತು. ನಾನು ಟೇಪು ಹಾಕಿ, ಕಾಗದ ತೋರಿಸಿ, ಒಂದೊಂದನ್ನೂ ಬಿಡಿಸಿ ಹೇಳಿದೆ.

“ಹಾಗಾದ್ರೆ ಇವ್ನು ಸುಳ್ಳು ಹೇಳಿಲ್ಲ,” ಎಂದರು ಟೈಲರ್.

“ಇಲ್ಲ. ವರದೀಲೂ ಹಾಗೇ ಬರೀತೀನಿ.”

ಅವರು ಬೆಂಚಿನ ಮೇಲೆ ಸ್ವಲ್ಪ ಭಾಮೈದನ ಕಡೆ ಸರಿದರು. ವಾಚರ್ ಮುಂಗೈಯಿಂದ ಮೂಗು ಒರೆಸಿಕೊಂಡ. ಇಷ್ಟಕ್ಕೇ ಎದ್ದು ಹೋಗಿದ್ದರೆ ಚೆನ್ನಾಗಿತ್ತು.

“ಎಷ್ಟೊತ್ತು ಕಾದೆ?” ಟೈಲರ್ ಕೇಳಿದರು.

“ಒಂದು ಗಂಟೆ ಮೇಲೇ ಆಗಿತ್ತು ಭಾವ. ಆಮೇಲೆ ಮಣ್ಣು ಎಳ್ದೆ. ಹೊಗೆ ನಿಲ್ತು.”

“ಟ್ಯಾಂಕರ್ ಬರ್ಲಿಲ್ಲ. ಇನ್ನೊಂದ್ಸಲ ಯಾಕೋ ಕೇಳ್ಲಿಲ್ಲ? ಕೈಯಲ್ಲೇ ಇತ್ತಲ್ಲ ವೈರ್‌ಲೆಸ್ಸು?”

ವಾಚರ್ ನನ್ನತ್ತ ನೋಡಿದ. ನಾನು ನನ್ನ ಕಾಗದದ ಮೇಲೆ ಕಣ್ಣಾಡಿಸಿದೆ.

“ಬೆಳಿಗ್ಗೆ ಎರಡು ಸಲ ಕೇಳಿದ್ದೆ. ‘ಟ್ಯಾಂಕರ್ ಏನು ನಿಮ್ಮತ್ತೆ ಮನೇದಾ, ಕರ್ದಾಗೆಲ್ಲ ಬರೋಕೆ’ ಅಂದ್ರು ಸಾಹೇಬ್ರು. ಎಲ್ಲರೂ ನಕ್ರು. ಮತ್ತೆ ಕೇಳೋಕೆ ಒಂಥರಾ... ಮರ್ಯಾದೆ ಹೋದಂಗಾಯ್ತು ಭಾವ.”

ಆ ನಗು ಟೇಪಿನಲ್ಲಿತ್ತು. ಮದುವೆಯಾಗದವನಿಗೆ ಅತ್ತೆಮನೆಯ ಮಾತು. ಮೊದಲ ಸಲ ಕೇಳಿದಾಗ ನನಗೂ ನಗು ಬಂದಿತ್ತು. ಅದನ್ನು ಕಾಗದದಲ್ಲಿ ಬರೆದುಕೊಳ್ಳಬೇಕೆಂದು ಮೂರು ಸಲದಲ್ಲಿ ಒಮ್ಮೆಯೂ ಹೊಳೆಯಲಿಲ್ಲ.

ಟೈಲರ್ ಎದ್ದು ನಿಂತರು. ಕೈ ಎತ್ತುತ್ತಾರೇನೋ ಎಂದು ನಾನೂ ಎದ್ದೆ. ಅವರು ಎತ್ತಲಿಲ್ಲ.

“ನೀನು ಸುಳ್ಳೇ ಹೇಳಿದ್ದಿದ್ರೆ ಚೆನ್ನಾಗಿತ್ತು ಕಣೋ. ನಿನ್ನ ಬೈಕೊಂಡಾದ್ರೂ ದಿನ ತಳ್ತಿದ್ದೆ.”

ಬಾಗಿಲವರೆಗೆ ಹೋಗಿ, ತಿರುಗದೆಯೇ ಮತ್ತೆ ಮಾತಾಡಿದರು.

“ಭಾನುವಾರ ಮನೆಗೆ ಬಾ. ಅಮ್ಮ ಯಾಕೆ ಸತ್ಲು ಅಂತ ದಿನಾ ಕೇಳ್ತವೆ. ಇದನ್ನ ನನ್ನ ಬಾಯಲ್ಲಿ ಹೇಳೋಕಾಗಲ್ಲ. ಮಕ್ಕಳನ್ನ ಎದುರಿಗೆ ಕೂರಿಸ್ಕೊಂಡು ನೀನೇ ಹೇಳು.”