ಮರಿಬಸಪ್ಪನವರು ಒಪ್ಪಿದ ಒಂದೇ ತಕ್ಕಡಿ

ಮರಿಬಸಪ್ಪನವರಿಗೆ ಉಡುಗೊರೆ ಕೊಟ್ಟು ಗೆದ್ದವರು ಬಳ್ಳಾರಿಯಲ್ಲಿ ಇನ್ನೂ ಹುಟ್ಟಿಲ್ಲ. ಅವರಿಗೆ ಅರವತ್ತು ತುಂಬಿದಾಗ ಮಗಳು ದಾಕ್ಷಾಯಣಿ ಕೈಗಡಿಯಾರ ತಂದಳು. ಮೂರು ದಿನ ಅದನ್ನು ರೇಡಿಯೊ ಪಕ್ಕದಲ್ಲಿಟ್ಟುಕೊಂಡು ನೋಡಿ, ದಿನಕ್ಕೆ ಹನ್ನೊಂದು ಸೆಕೆಂಡು ಹಿಂದೆ ಬೀಳುತ್ತದೆಂದು ಕಂಡುಹಿಡಿದು, ತಾವೇ ಅಂಗಡಿಗೆ ಹೋಗಿ ವಾಪಸ್ ಕೊಟ್ಟು ಬಂದರು. ಎಪ್ಪತ್ತಕ್ಕೆ ಶಾಲು ತಂದಳು. ಹೊದೆಸಿಕೊಳ್ಳುವ ಮೊದಲು ಅಳೆದರು. ಚೀಟಿಯಲ್ಲಿ ಬರೆದದ್ದಕ್ಕಿಂತ ನಾಲ್ಕು ಬೆರಳು ಕಡಿಮೆ ಇತ್ತು. ಶಾಲು ಹೊದ್ದು ಫೋಟೊ ತೆಗೆಸಿಕೊಳ್ಳಲು ಕಾದು ನಿಂತಿದ್ದ ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ಮರುದಿನ ಬೆಳಗ್ಗೆ ಶಾಲು ಅಂಗಡಿ ಸೇರಿತು.

ಈಗ ಎಪ್ಪತ್ತೈದು ತುಂಬುವುದರಲ್ಲಿತ್ತು. "ಅಕ್ಕಾ, ಸುಮ್ನ ಒಂದು ಹಾರ ಹಾಕಿ ಬಿಡೋಣು. ಹೂವಿನ ಹಾರ ವಾಪಸ್ ತಗೊಳ್ಳೋ ಅಂಗಡಿ ಬಳ್ಳಾರ್ಯಾಗ ಇಲ್ಲ" ಎಂದ ತಮ್ಮ ಶರಣ. ಅಪ್ಪ ಇರುವುದು ಸತ್ಯನಾರಾಯಣಪೇಟೆಯಲ್ಲಿ ಅವನ ಮನೆಯಲ್ಲೇ. ದಿನವೂ ಅನುಭವಿಸಿ ಗಟ್ಟಿಯಾದವನು. ದಾಕ್ಷಾಯಣಿಗೆ ನಗು ಬಂತು, ಆದರೆ ಒಪ್ಪಲಿಲ್ಲ.

ಅಪ್ಪನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಹೇಗೆ ಬಂದೀತು? ನಲವತ್ತೆರಡು ವರ್ಷ ತಕ್ಕಡಿ ರಿಪೇರಿ ಮಾಡಿದ ಮನುಷ್ಯ ಅವರು. ತೂಕದ ಕಲ್ಲುಗಳ ಪೆಟ್ಟಿಗೆ ಹೆಗಲಿಗೇರಿಸಿ ಬಸ್ಸು ಹತ್ತಿದರೆ ಒಂದು ದಿನ ಕುರುಗೋಡಿನ ಮಾರುಕಟ್ಟೆ, ಇನ್ನೊಂದು ದಿನ ಸಿರುಗುಪ್ಪದ ಅಕ್ಕಿ ಅಂಗಡಿಗಳು. ಮುಳ್ಳು ಸಾಸಿವೆಯಷ್ಟು ವಾಲಿದರೂ ಆ ತಕ್ಕಡಿ ಅವರ ಕೈಯಿಂದ ಹೊರಗೆ ಹೋಗುತ್ತಿರಲಿಲ್ಲ. ದಾಕ್ಷಾಯಣಿ ಕುರುಗೋಡಿನ ಹೈಸ್ಕೂಲಿಗೆ ಕನ್ನಡ ಮೇಡಂ ಆಗಿ ಹೋದ ಮೊದಲ ವಾರ ಬಾಡಿಗೆ ಮನೆ ಸಿಗದೆ ಅಲೆಯುತ್ತಿದ್ದಳು. ಮೆಣಸಿನಕಾಯಿ ವ್ಯಾಪಾರಿ ಮಲ್ಲಯ್ಯ ಅವಳ ಅಪ್ಪನ ಹೆಸರು ಕೇಳಿದವರೇ ಬೀಗದ ಕೈ ತೆಗೆದು ಕೊಟ್ಟುಬಿಟ್ಟರು. "ಅವ್ರ ಮಗಳಂದ್ರ ಮುಗೀತು. ಮತ್ತೇನ್ ವಿಚಾರಿಸೋದೈತಿ?" ಎಂದಿದ್ದರು. ಆ ದಿನ ಅವಳು ಅಪ್ಪನ ಹೆಸರನ್ನು ಊರ ತುಂಬ ಕೂಗಿ ಹೇಳಬೇಕೆನ್ನುವಷ್ಟು ಹಿಗ್ಗಿದ್ದಳು.

ಆದರೂ ಒಂದು ಆಸೆ ಉಳಿದಿತ್ತು. ನಲವತ್ತೆಂಟು ವಯಸ್ಸಾಯಿತು, ತಾನು ತಂದ ಒಂದು ವಸ್ತುವನ್ನಾದರೂ ಅಪ್ಪ ಇಟ್ಟುಕೊಳ್ಳಬೇಕು. ಹೊಗಳುವುದು ಬೇಡ, ವಾಪಸ್ ಹೋಗದಿದ್ದರೆ ಸಾಕು. ಮಕ್ಕಳಿಗೆ ಪಾಠ ಹೇಳುವ ಹೆಂಗಸಿಗೆ ಇಂಥ ಚಿಕ್ಕ ಮಕ್ಕಳ ಆಸೆ ಏನು ಎಂದು ತನ್ನನ್ನೇ ಬೈದುಕೊಂಡರೂ ಅದು ಹೋಗಿರಲಿಲ್ಲ.

ಯೋಚಿಸುತ್ತ ಕೂತಾಗ ಅವಳಿಗೆ ಥಟ್ಟನೆ ಹೊಳೆಯಿತು. ಈ ಲೋಕದಲ್ಲಿ ಅಪ್ಪ ತಪ್ಪು ಹುಡುಕದ ವಸ್ತು ಒಂದೇ ಒಂದಿತ್ತು. ಹರೆಯದಲ್ಲಿ ಅವರೇ ತಮ್ಮ ಕೈಯಾರೆ ಮಾಡಿದ ಹಿತ್ತಾಳೆ ತಕ್ಕಡಿ. ಉಳಿದ ಸಾವಿರಾರು ತಕ್ಕಡಿಗಳನ್ನು ರಿಪೇರಿ ಮಾಡಿದ್ದರು, ಮೊದಲಿನಿಂದ ಮಾಡಿದ್ದು ಇದೊಂದನ್ನೇ. ಅದು ಸಿರುಗುಪ್ಪದ ಎರ್ರಮ್ಮನ ಕಿರಾಣಿ ಅಂಗಡಿಯಲ್ಲಿತ್ತು. ಊಟಕ್ಕೆ ಕೂತಾಗ ಮಾತು ಬಂದರೆ, "ಎರ್ರಮ್ಮನ ಅಂಗಡೀದು ಸರಿ ಐತಿ" ಎನ್ನುತ್ತಿದ್ದರು. ಅವರ ಬಾಯಲ್ಲಿ 'ಸರಿ ಐತಿ' ಎಂಬ ಮಾತು ಬೇರೆ ಯಾವುದಕ್ಕೂ ಬಂದದ್ದನ್ನು ಅವಳು ಕೇಳಿರಲಿಲ್ಲ.

ಭಾನುವಾರವೇ ಸಿರುಗುಪ್ಪದ ಬಸ್ಸು ಹತ್ತಿದಳು. ಎರ್ರಮ್ಮನಿಗೆ ಎಂಬತ್ತು ದಾಟಿತ್ತು. ಅಂಗಡಿಯಲ್ಲಿ ಈಗ ಕರೆಂಟಿನ ತಕ್ಕಡಿ ಕೂತಿದ್ದರೂ ಗಲ್ಲಾದ ಮೇಲೆ ಕೂತವಳು ಅವಳೇ. ಬಂದವಳು ಯಾರೆಂದು ತಿಳಿದದ್ದೇ, "ಬಾರಮ್ಮಾ, ದಾ ದಾ" ಎಂದು ಅರ್ಧ ತೆಲುಗಿನಲ್ಲಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿಮ್ಮಪ್ಪ ಬಂದ್ರ ಮೊದಲು ಚಾ ಮುಟ್ತಿದ್ದಿಲ್ಲಮ್ಮ. ತಕ್ಕಡಿ ನೋಡಿ, ಮುಳ್ಳು ನಡುವ ನಿಂತ ಮ್ಯಾಲೇ ಚಾ. ಮೊದಲೇ ಕುಡುದ್ರ ಕೈ ನಿಮ್ಮ ಕಡೀಗೆ ವಾಲತೈತಿ ಅಂತಿದ್ರು" ಎಂದಳು. ಆಮೇಲೆ ದನಿ ಇಳಿಸಿ ಮುಂದುವರಿಸಿದಳು, "ಒಂದು ವರ್ಷ ನನ್ನ ಗಂಡ ತಟ್ಟಿ ತಳಕ್ಕ ಹುಣಸಿಹಣ್ಣು ಅಂಟಿಸಿಬಿಟ್ಟಿದ್ದ. ನಿಮ್ಮಪ್ಪನ ಕಣ್ಣಿಗೆ ಬಿತ್ತು. ಅಂಗಡಿ ತುಂಬ ಮಂದಿ! ಮಾನ ಹೋತಂತ ನಾ ನಡುಗಾಕತ್ತಿದ್ದೆ. ಅವ್ರು ಬಾಯಿ ಮಾಡ್ಲಿಲ್ಲ. ಮೆಲ್ಲಕ ಕಿತ್ತು ನನ್ನ ಕೈಯಾಗಿಟ್ಟು, 'ಎರ್ರಮ್ಮಾ, ಇದನ್ನ ಸಾರಿಗೆ ಹಾಕು' ಅಂದ್ರು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮುಂದಿನ ಸಲ ಬರುವಾಗ ತಾವು ಮಾಡಿದ ತಕ್ಕಡಿ ತಂದುಕೊಟ್ರು. ಇದಕ್ಕ ಸುಳ್ಳು ಹೇಳಾಕ ಬರಂಗಿಲ್ಲ, ಇದನ್ನ ಇಟ್ಕೋ ಅಂದ್ರು. ನನ್ನ ಗಂಡ ಸಾಯೋ ತನಕ ಅದರಾಗೇ ತೂಗಿದ. ಅಂಥಾ ಮನಷ್ಯಾನ ಹೊಟ್ಟ್ಯಾಗ ಹುಟ್ಟೀದಿ, ಪುಣ್ಯ ಮಾಡೀದಿ."

ದಾಕ್ಷಾಯಣಿ ಬಂದ ಕಾರಣ ಹೇಳಿದಾಗ ಎರ್ರಮ್ಮ ಒಳಗೆ ಹೋಗಿ ಉಗ್ರಾಣದಿಂದ ತಕ್ಕಡಿಯನ್ನು ತಾನೇ ಹೊತ್ತು ತಂದಳು. ದುಡ್ಡಿನ ಮಾತೆತ್ತಿದರೆ ಕೈ ಬೀಸಿದಳು. ತಕ್ಕಡಿ ಕಪ್ಪಗಾಗಿತ್ತು. ತಟ್ಟೆಗಳ ಮೇಲೆ ಹಸಿರು ಕಿಲುಬು, ಅಡ್ಡ ದಂಡಕ್ಕೆ ಜಿಡ್ಡು. ಎರ್ರಮ್ಮ ಎರಡೂ ತಟ್ಟೆಗೆ ಒಂದೊಂದು ಕಿಲೊ ಕಲ್ಲು ಇಟ್ಟು ತೋರಿಸಿದಳು. ಮುಳ್ಳು ಎರಡು ಸಲ ತೂಗಿ ನಟ್ಟ ನಡುವೆ ಬಂದು ನಿಂತಿತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಎಪ್ಪತ್ತೈದು ತುಂಬಿದ ಅಪ್ಪನ ಕೈಗೆ ಕಿಲುಬು ಹಿಡಿದ ವಸ್ತು ಹೇಗೆ ಕೊಡುವುದು? ದಾಕ್ಷಾಯಣಿ ನೇರ ಬಳ್ಳಾರಿಯ ಕೌಲ್ ಬಜಾರಿಗೆ ಹೋದಳು. ಅಲ್ಲಿ ದೀಪ, ಕೊಡ, ಗಂಟೆಗಳಿಗೆ ಪಾಲಿಶ್ ಹಾಕುವ ಅಂಗಡಿಯವನಿಗೆ, "ಹೊಸಾದರಂಗ ಮಾಡಿಕೊಡ್ರಿ, ಒಂದು ಕಲೀನೂ ಉಳೀಬಾರ್ದು" ಎಂದು ಎರಡೆರಡು ಸಲ ಹೇಳಿದಳು. ಅವನೂ ಪಾಪ, ಮನಸ್ಸಿಟ್ಟು ಮಾಡಿದ. ನಾಲ್ಕು ದಿನ ಬಿಟ್ಟು ಹೋದಾಗ ತಟ್ಟೆಯಲ್ಲಿ ಮುಖ ಕಾಣುತ್ತಿತ್ತು. ಅವಳು ಅದನ್ನು ಹಳದಿ ವಸ್ತ್ರದಲ್ಲಿ ಸುತ್ತಿಸಿಕೊಂಡು, ಆಟೋದಲ್ಲಿ ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಳು.

ಹುಟ್ಟುಹಬ್ಬದ ಬೆಳಗ್ಗೆ ಶರಣನ ಹೆಂಡತಿ ರಶ್ಮಿ ಆರತಿ ಎತ್ತಿದಳು, ಹೋಳಿಗೆ ಬಡಿಸಿದಳು. ಹೋಳಿಗೆಯ ಅಂಚು ಒಂದು ಕಡೆ ದಪ್ಪವಾಗಿದೆ ಎಂದು ಮರಿಬಸಪ್ಪ ಹೇಳಿದ್ದೂ ಆಯಿತು, ಮೂರು ತಿಂದದ್ದೂ ಆಯಿತು. ಆಮೇಲೆ ದಾಕ್ಷಾಯಣಿ ಗಂಟು ತಂದು ಮುಂದಿಟ್ಟಳು.

ಅವರು ವಸ್ತ್ರ ಬಿಚ್ಚಿದರು. ದಂಡದ ತುದಿಯ ತಿರುವು ನೋಡಿದ್ದೇ ಗುರುತು ಹತ್ತಿತು. "ಇದು ಎರ್ರಮ್ಮನ ಅಂಗಡೀದು" ಎಂದರು ಮೆಲ್ಲಗೆ. ಅವರ ಮುಖದಲ್ಲಿ ಅಷ್ಟು ಮೆದು ನೋಟವನ್ನು ಅವಳು ಎಂದೂ ಕಂಡಿರಲಿಲ್ಲ. ಗೆದ್ದೆ ಎಂದುಕೊಂಡಳು.

ಅವರು ತಕ್ಕಡಿಯನ್ನು ಎತ್ತಿ ಹಿಡಿದರು. ಖಾಲಿ ತಟ್ಟೆಗಳು ಫಳಫಳ ಹೊಳೆಯುತ್ತ ತೂಗಾಡಿದವು. ಮುಳ್ಳು ಬಲಕ್ಕೆ ವಾಲಿತು, ವಾಲಿದ್ದು ಅಲ್ಲೇ ನಿಂತಿತು. ಇನ್ನೊಮ್ಮೆ ಎತ್ತಿದರು. ಮತ್ತೆ ಬಲಕ್ಕೇ. ಕನ್ನಡಕ ಏರಿಸಿ, ದಂಡ ಆತುಕೊಂಡು ನಿಲ್ಲುವ ಉಕ್ಕಿನ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದರು.

"ಯಾರು ತಿಕ್ಕಿದ್ರು?"

"ಕೌಲ್ ಬಜಾರ್‌ನಾಗ ಪಾಲಿಶ್ ಮಾಡಿಸಿದ್ನೆಪ್ಪಾ. ಕಪ್ಪಾಗಿತ್ತಲ್ಲ..."

"ಮಷೀನಿಗೆ ಹಿಡಿದಾರ. ಅಲಗು ಮೊಂಡಾಗೈತಿ. ಎಡದ ತಟ್ಟಿ ಹೆಚ್ಚು ತಿಕ್ಕಿ ಹಗುರ ಮಾಡ್ಯಾರ."

ದಾಕ್ಷಾಯಣಿಗೆ ತನ್ನ ಮೇಲೇ ಸಿಟ್ಟು ಬಂತು. ತಕ್ಕಡಿ ರಿಪೇರಿ ಮಾಡುವವರ ಮಗಳಾಗಿ ಇಷ್ಟೂ ತಿಳಿಯಲಿಲ್ಲವೇ? ಅಂಗಡಿಯಿಂದ ದೋಷವಿರುವ ವಸ್ತು ತಂದಿದ್ದರೆ ಆ ಮಾತು ಬೇರೆ. ಅಪ್ಪ ಈ ಜನ್ಮದಲ್ಲಿ ಒಪ್ಪಿದ ಒಂದೇ ಒಂದು ವಸ್ತುವನ್ನು ಅವಳೇ, ಕೂಲಿ ಕೊಟ್ಟು, ಎರಡೆರಡು ಸಲ ಹೇಳಿ ಕೆಡಿಸಿ ತಂದಿದ್ದಳು. ಶರಣ ತಲೆ ತಗ್ಗಿಸಿದ. ರಶ್ಮಿ ಹೋಳಿಗೆ ತಟ್ಟೆ ಹಿಡಿದು ನಿಂತಲ್ಲೇ ನಿಂತಳು.

"ಕೊಡಪ್ಪಾ, ಒಯ್ತೀನಿ" ಎಂದು ದಾಕ್ಷಾಯಣಿ ವಸ್ತ್ರ ಎತ್ತಿಕೊಂಡಳು. ಕಣ್ಣು ತುಂಬಿ ತಕ್ಕಡಿ ಮಸಕಾಗಿ ಕಾಣುತ್ತಿತ್ತು.

"ಎಲ್ಲಿಗೆ?"

"ಎಲ್ಲಿಗರ. ಇದು ಸರಿ ಇಲ್ಲಲ್ಲ."

ಮರಿಬಸಪ್ಪ ತಕ್ಕಡಿಯನ್ನು ಬಿಡಲಿಲ್ಲ. ತಮ್ಮ ಕಡೆಗೆ ಎಳೆದುಕೊಂಡರು.

"ಹುಚ್ಚಿ, ಕುಂದ್ರು. ಇಷ್ಟು ದಿನ ವಾಪಸ್ ಕೊಟ್ಟಿದ್ದೆಲ್ಲ ಅಂಗಡಿಯವ್ರು ಮಾಡಿದ ತಪ್ಪು, ಅವ್ರಿಗೇ ಕೊಟ್ಟು ಬಂದೆ. ನನ್ನ ಮಗಳ ದುಡ್ಡು ತಗೊಂಡು ಸುಳ್ಳು ಸಾಮಾನು ಕೊಡ್ತಾರಂದ್ರ ಬಿಡ್ಲೇನು? ಇದು ನೀ ಮಾಡಿದ್ದು. ನೀ ಮಾಡಿದ್ದನ್ನ ನಾ ಯಾರಿಗೆ ವಾಪಸ್ ಕೊಡ್ಲಿ?"

ಹದಿನೈದು ವರ್ಷ ಅಪ್ಪ ಅಂಗಡಿ ಮೆಟ್ಟಿಲು ಹತ್ತಿದ್ದು ತನ್ನ ಪರವಾಗಿ ಜಗಳಕ್ಕೆ ಎಂಬುದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಕುಕ್ಕರಿಸಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಅವರು ಸಮಾಧಾನ ಮಾಡಲಿಲ್ಲ. ಅದು ಅವರಿಗೆ ಬರುತ್ತಲೂ ಇರಲಿಲ್ಲ. ಶರಣನಿಗೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಲು ಹೇಳಿದರು. ಲೋಹ ತಿಕ್ಕುವ ಅರ, ಸೀಸದ ತುಣುಕು, ಸಣ್ಣ ಸುತ್ತಿಗೆ ಒಂದೊಂದಾಗಿ ಹೊರಬಂದವು. ಅರ ಹಿಡಿದು ನೋಡಿದರು. ಬೆರಳು ನಡುಗಿತು. ಅದನ್ನು ಮಗಳ ಕೈಗೆ ಕೊಟ್ಟರು.

"ನನ್ನ ಕೈ ಈಗ ನಿಲ್ಲಂಗಿಲ್ಲ. ನೀ ತಿಕ್ಕು, ನಾ ಹೇಳ್ತೀನಿ. ಅವಸರ ಮಾಡಬ್ಯಾಡ, ಒಂದೇ ಕಡೀಗೆ ಎಳಿ."

ಅವಳು ಕಣ್ಣೊರೆಸಿಕೊಂಡು ಅರ ಎಳೆದಳು. "ಹಂಗಲ್ಲ" ಎಂದರು. ಮತ್ತೆ ಎಳೆದಳು. "ಹಂಗೂ ಅಲ್ಲ" ಎಂದು ತಮ್ಮ ಕೈಯನ್ನು ಅವಳ ಕೈಯ ಮೇಲಿಟ್ಟು ಅರವನ್ನು ಎಷ್ಟು ಓರೆ ಹಿಡಿಯಬೇಕೆಂದು ತೋರಿಸಿದರು. ಆಮೇಲೆ ಅಲಗನ್ನು ಬೆಳಕಿಗೆ ಹಿಡಿದು, ಎಷ್ಟು ದಿನದ ಕೆಲಸವೆಂದು ಲೆಕ್ಕ ಹಾಕಿ ಹೇಳಿದರು:

"ನಿಮ್ಮ ಸಾಲಿಗೆ ಫೋನ್ ಮಾಡು. ಎರಡು ದಿನ ರಜಾ ಬೇಕಂತ ಹೇಳು. ಅಪ್ಪನ ಹತ್ರ ಕೆಲಸ ಐತಿ ಅನ್ನು."