ಬಾಜೂ ಕೂತವಳ ದನಿ

ಕೆಲವರಿಗೆ ಸ್ವಚ್ಛ ಮಾಡುವ ಚಟ ಇರುತ್ತದೆ. ಮನೆ ಸ್ವಚ್ಛ ಮಾಡಿದರೆ ಪುಣ್ಯ ಬಂದೀತು. ಆಶಿಶ್ ಸ್ವಚ್ಛ ಮಾಡಿದ್ದು ಮುದುಕರ ಮಾತನ್ನು.

"ಗದ್ದಲೆಲ್ಲಾ ತಗದೀವ್ರಿ ಮೇಡಂ. ಈಗ ಬರೇ ಆಯಿ ಮಾತಷ್ಟ ಕೇಳಸ್ತೈತಿ," ಎಂದು ಹೆಡ್‌ಫೋನ್ ಚಾಚಿದ. ರಾಮತೀರ್ಥ ನಗರದ ಕಂಪ್ಯೂಟರ್ ಕಂಪನಿಯವನು ಅವನು. ಆ ಮೇಡಂ, ಶುಭದಾ, ಕೋಟೆ ಹತ್ತಿರದ ದಾಖಲೆ ಕೇಂದ್ರದವಳು. ಖಾನಾಪುರದ ಕಾಡಂಚಿನ ಕುರಿಗಾರರು ತಮ್ಮ ಹೊಲಗಳ ಬಗ್ಗೆ ಹೇಳಿದ ಸಾಕ್ಷಿಗಳನ್ನು ಊರೂರು ಅಲೆದು ಧ್ವನಿಮುದ್ರಿಸಿ ತಂದವಳು ಅವಳು. ಅವು ಕಾಲಕಾಲಕ್ಕೂ ಕೆಡದಂತೆ ಕಂಪ್ಯೂಟರಿನಲ್ಲಿ ಇಡುವುದು ಅವನ ಪಾಲಿನ ಕೆಲಸ.

ಅವಳು ಭೀಮಕ್ಕನ ಸಾಕ್ಷಿ ಕೇಳಿದಳು. ನಾಡಿದ್ದು ಅರಣ್ಯ ಹಕ್ಕಿನ ಸಮಿತಿಯ ಮುಂದೆ ಹೋಗಬೇಕಾದದ್ದು ಅದೇ. ಅದೊಂದನ್ನು ಬಿಟ್ಟರೆ ಆ ಹೊಲ ತನ್ನದೆನ್ನಲು ಭೀಮಕ್ಕನ ಬಳಿ ಬೇರೇನೂ ಇರಲಿಲ್ಲ.

"ಈ ಹೊಲ ಮೊದಲ ಯಾರು ಮಾಡತಿದ್ರು ಆಯಿ?" ಶುಭದಾಳದೇ ದನಿ. ಆಮೇಲೆ ಏನೂ ಇಲ್ಲ. ನಂತರ ಭೀಮಕ್ಕ: "ಹೌದ್ರಿ, ಅವರ. ಅವರಪ್ಪನೂ ಇಲ್ಲೇ ಉತ್ತಾನ."

ಶುಭದಾ ಅದೇ ಜಾಗವನ್ನು ಮತ್ತೆ ಹಚ್ಚಿ ಕೇಳಿದಳು. ಆ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಕೇಳಿದರೆ ಸೆರಗು ಸರಿಮಾಡಿಕೊಂಡು ಬಾಜೂ ಕೂತವಳ ಮುಖ ನೋಡುತ್ತಾರೆ, ಅವಳು ಹೇಳುತ್ತಾಳೆ. ಭೀಮಕ್ಕನ ಬಾಜೂ ಕೂತು "ಕಲ್ಲಪ್ಪನ ಮಗ ನಾಗಲಿಂಗ" ಎಂದವಳು ನೆರೆಮನೆಯ ಮಾಯವ್ವ. ಆಶಿಶನ ತಂತ್ರಾಂಶ ಮುಖ್ಯ ದನಿಯೊಂದನ್ನು ಉಳಿಸಿ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾಯವ್ವನನ್ನು ತೆಗೆದುಬಿಟ್ಟಿತ್ತು.

"ಮೂಲ ಫೈಲ್ ಎಲ್ಲಿ ಅದ?"

"ಭಾಳ ಜಾಗಾ ತಿಂತಿತ್ರಿ. ಅಳಿಸೇವಿ."

"ಒಂದ ಮಾತ ಕೇಳಬೇಕು ಅನಸಲಿಲ್ಲೇನ್ರಿ ನಿಮಗ?"

"ಬಾಜೂದವ್ರ ಮಾತು ಗದ್ದಲನ ಅಲ್ಲೇನ್ರಿ ಮೇಡಂ?"

ಶುಭದಾಳ ಮೈಯೆಲ್ಲ ಉರಿಯಿತು. ಮೂಲವನ್ನು ಮುಟ್ಟಬೇಡಿ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದಳು. ಎಲ್ಲರೂ ತಲೆಯಾಡಿಸಿದ್ದರು. ತಲೆಯಾಡಿಸಲು ಏನು ಖರ್ಚು? ಮಾಯವ್ವ ಹೋದ ಆಷಾಢದಲ್ಲಿ ತೀರಿಕೊಂಡಿದ್ದಳು. ನಾಗಲಿಂಗ ಉಳುವುದನ್ನು ಕಣ್ಣಾರೆ ಕಂಡವರು ಭೀಮಕ್ಕನನ್ನು ಬಿಟ್ಟರೆ ಆ ಊರಿನಲ್ಲಿ ಇನ್ನಾರೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಆಶಿಶನನ್ನು ಜೀಪಿನಲ್ಲಿ ಕೂರಿಸಿಕೊಂಡು ಖಾನಾಪುರದ ದಾರಿ ಹಿಡಿದಳು. ದಾರಿಯುದ್ದಕ್ಕೂ ಅವನೊಂದಿಗೆ ಮಾತಾಡಲಿಲ್ಲ. ಆಡಿದ್ದರೆ ಬೈಗುಳವೇ ಬರುತ್ತಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದು ಭೀಮಕ್ಕ ಕಂಬಳಿ ಹಾಸಿದಳು. ಮಾಯವ್ವನ ದನಿ ಅಳಿಸಿಹೋದ ಸುದ್ದಿ ಕೇಳಿದರೂ ನಂಬಲಿಲ್ಲ, ಹಚ್ಚಿ ಕೇಳಿಸಿರಿ ಎಂದಳು. ಕೇಳಿಸಿದಾಗ ಧ್ವನಿಮುದ್ರಣದ ಯಂತ್ರವನ್ನು ಕಿವಿಗೆ ಒತ್ತಿ ಹಿಡಿದಳು.

"ಮಾಯವ್ವ ಎಲ್ಲಿ?"

ಶುಭದಾ ಯಂತ್ರವನ್ನು ನಿಲ್ಲಿಸಿದಳು.

"ಮಣ್ಣಾಗ ಇಟ್ಟು ಬಂದವ್ರು ನಾವು. ಇದರಾಗರ ಇದ್ದಾಳ ಅನಕೊಂಡಿದ್ನಿ. ಇಲ್ಲಿಂದನೂ ತಗದ್ರೇನು?" ಭೀಮಕ್ಕನ ದನಿ ಏರಲಿಲ್ಲ. ಏರಿದ್ದರೆ ಆಶಿಶನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಶುಭದಾ ಯಂತ್ರವನ್ನು ಹೊಸದಾಗಿ ಚಾಲೂ ಮಾಡಿ ಅದೇ ಪ್ರಶ್ನೆ ಕೇಳಿದಳು. ಕೇಳುವಾಗ ತನ್ನ ಮೇಲೂ ಸಿಟ್ಟು ಬಂತು. ಭೀಮಕ್ಕ ಅಭ್ಯಾಸಬಲದಿಂದ ಬಾಜೂ ತಿರುಗಿದಳು. ಅಲ್ಲಿ ಬರಿಯ ಗೋಡೆ. ಗಂಡನ ಹೆಣದ ಮುಂದೆ ಅತ್ತಾಗಲೂ ಅವನ ಹೆಸರು ಹಿಡಿಯದ ಹೆಂಗಸು ಅವಳು. ಸೆರಗನ್ನು ತಲೆ ಮೇಲೆ ಎಳೆದುಕೊಂಡು, ನೆಲ ನೋಡುತ್ತ ಹೇಳಿದಳು: "ನಾಗಲಿಂಗ. ಕಲ್ಲಪ್ಪನ ಮಗ."

ಆಶಿಶನ ಮುಖ ಅರಳಿತು. "ಆತಲ್ರಿ ಮೇಡಂ. ಇದನ್ನ ಹಳೇ ಫೈಲಿನಾಗ ಕೂಡಿಸಿಬಿಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

"ಗೊತ್ತಾಗಬೇಕು," ಎಂದಳು ಶುಭದಾ. ಯಂತ್ರವನ್ನು ಅವನ ಬಾಯಿಯ ಮುಂದಿಟ್ಟಳು. "ಅಲ್ಲಿ ಮಾಯವ್ವ ಇದ್ದಳು. ಏನು ತಗದ್ರಿ, ಯಾಕ ತಗದ್ರಿ, ಯಾರು ತಗದ್ರು, ಎಲ್ಲಾ ಹೇಳ್ರಿ. ಸಮಿತಿಗೆ ಅದೂ ಹೋಗತದ."

"ಕಂಪನಿ ತಗೀತು ಅಂತೀನ್ರಿ. ನನ್ನ ಹೆಸರ ಬ್ಯಾಡ್ರಿ ಮೇಡಂ, ನೌಕರಿ ಹೋಗತೈತಿ."

ಭೀಮಕ್ಕ ತಲೆಯೆತ್ತಿ ಅವನನ್ನೇ ನೋಡಿದಳು.

"ತಮ್ಮಾ, ನಾ ನನ್ನ ಗಂಡನ ಹೆಸರ ಹೇಳೀನಿ. ನಿಂದು ಹೇಳಾಕ ನಿನಗ ನಾಲಿಗಿ ಏಳವಲ್ತೇನು?"